ಮೇಲ್ಗಡೆ ಎಂದು ಬರೆದದ್ದು

ನಾನು ಮದುವೆಯಾಗಿ ಬಂದ ಬೀದಿಗೆ ಎರಡೇ ದಿಕ್ಕುಗಳಿದ್ದವು: ಮೇಲ್ಗಡೆ, ಕೆಳ್ಗಡೆ. ಸೂರ್ಯ ಎತ್ತ ಹುಟ್ಟುತ್ತಾನೆ ಎಂಬುದನ್ನು ಹಿಡಿದು ಅಲ್ಲಿ ಯಾರೂ ದಾರಿ ಹೇಳುತ್ತಿರಲಿಲ್ಲ. ಪೊಳ್ಳಾಚಿಗೆ ಹೋಗುವ ದೊಡ್ಡ ರಸ್ತೆಯಿಂದ ಬೀದಿ ಒಳಕ್ಕೆ ತಿರುಗುವ ತುದಿ ಎತ್ತರದಲ್ಲಿತ್ತು. ಅದು ಮೇಲ್ಗಡೆ. ಅಲ್ಲಿಂದ ಕಲ್ಲೆದ್ದ ಇಳಿಜಾರಿನಲ್ಲಿ ಏಳೆಂಟು ಮನೆ ಇಳಿದ ಮೇಲೆ ನೆಲ ಸಮನಾಗಿ, ಸಾಲಾಗಿ ನಿಂತ ನಾಲ್ಕು ಬೇವಿನ ಮರಗಳ ಕೆಳಗೆ ಹಾದು, ರೈಲು ಹಳಿಯ ಹತ್ತಿರ ಮುಗಿಯುತ್ತಿತ್ತು. ಅದು ಕೆಳ್ಗಡೆ. ಇಷ್ಟನ್ನು ಮೊದಲೇ ಸರಿಯಾಗಿ ಹೇಳಿಬಿಡಬೇಕು. ಮುಂದೆ ಆದದ್ದೆಲ್ಲ ಈ ಎರಡು ಮಾತುಗಳಿಂದಲೇ ಆಯಿತು.

ಎಂಬತ್ತರ ದಶಕದ ನಡುವಿನ ವರ್ಷಗಳು. ಬೀದಿಯ ಮನೆಗಳೆಲ್ಲ ನೇಕಾರರವು. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ, ಆಗ ನನಗೂ ಬರುತ್ತಿರಲಿಲ್ಲ. ನಾನು ಪಲ್ಲಡದಲ್ಲಿ ಹತ್ತನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿದವಳು. ಬೀದಿಯ ಸೊಸೆಯರಲ್ಲಿ ಅಷ್ಟು ಓದಿದವಳು ಇನ್ನೊಬ್ಬಳಿರಲಿಲ್ಲ. ಇದನ್ನು ನನ್ನ ಅತ್ತೆ ಒಳ್ಳೆಯ ದಿನಗಳಲ್ಲಿ ಹೊಗಳಿಕೆಯಾಗಿಯೂ ಕೆಟ್ಟ ದಿನಗಳಲ್ಲಿ ಬೈಗುಳವಾಗಿಯೂ ಹೇಳುತ್ತಿದ್ದರು.

ಮಾವನ ಕೆಲಸ ಪಾವು ಹಾಕುವುದು. ಮಗ್ಗಕ್ಕೆ ಏರಿಸುವ ಹಾಸಿನ ಎಳೆಗಳನ್ನೇ ನಮ್ಮಲ್ಲಿ ಪಾವು ಎನ್ನುತ್ತಾರೆ. ಆ ಎಳೆಗಳನ್ನು ಮೊದಲು ಬೀದಿಯುದ್ದಕ್ಕೂ ಬಿಚ್ಚಿ, ಎರಡು ತುದಿಗೂ ಗೂಟ ಹೊಡೆದು ಹಗ್ಗದಿಂದ ಬಿಗಿದು, ನಡುನಡುವೆ ಕತ್ತರಿಯಂತೆ ನಿಲ್ಲಿಸಿದ ಬಿದಿರಿನ ಮೇಲೆ ಹೊರಿಸಬೇಕು. ಆಮೇಲೆ ಗಂಜಿ ಬಳಿದು, ಎರಡು ಕೈ ಅಗಲದ ಕುಂಚವನ್ನು ಇಬ್ಬರು ಇಬ್ಬದಿಯಲ್ಲಿ ಹಿಡಿದು, ಒಂದೇ ಹೆಜ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಒಬ್ಬರ ಹೆಜ್ಜೆ ಮುಂದಾದರೆ ಎಳೆ ತಿರುಚುತ್ತದೆ. ಗಂಜಿ ನಿಧಾನವಾಗಿ ಆರಬೇಕು, ಅದಕ್ಕೆ ನೆರಳು ಬೇಕು. ಎಳೆ ಒಂದೇ ಮಟ್ಟದಲ್ಲಿರಬೇಕು, ಅದಕ್ಕೆ ಸಮ ನೆಲ ಬೇಕು. ಗೂಟ ಇಳಿಯಬೇಕು, ಅದಕ್ಕೆ ಮಣ್ಣು ಬೇಕು. ಮೂರೂ ಇದ್ದದ್ದು ಕೆಳ್ಗಡೆಯಲ್ಲಿ ಮಾತ್ರ. ಬೀದಿಯ ಎಲ್ಲ ಕೈಮಗ್ಗಗಳಿಗೂ ಪಾವು ಹಾಕುತ್ತಿದ್ದವರು ಮಾವ. ಕುಂಚದ ಇನ್ನೊಂದು ತುದಿ ನನ್ನ ಗಂಡನ ಕೈಯಲ್ಲಿರುತ್ತಿತ್ತು. ಆ ನೆಲ ಹೋದರೆ ಮಾವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೀದಿಗೆ ಬೇರೆ ಪಾವೂ ಇರಲಿಲ್ಲ.

ಮೊದಲ ಪೆಟ್ಟು ರೈಲ್ವೆಯವರಿಂದ ಬಂತು. ಹಿಂದೆ ಪಾವು ಬೀದಿಯನ್ನೂ ಮೀರಿ ಹಳಿಯ ಪಕ್ಕದ ಖಾಲಿ ನೆಲದವರೆಗೆ ಚಾಚುತ್ತಿತ್ತಂತೆ. ನಾನು ಬಂದ ಎರಡನೆಯ ವರ್ಷ, ದನಗಳು ಹಳಿಗೆ ನುಗ್ಗುತ್ತವೆ ಎಂದು ಹೇಳಿ, ಹಳೆಯ ಹಳಿಯ ತುಂಡುಗಳನ್ನು ಕಂಬಗಳಂತೆ ನೆಟ್ಟು ಮುಳ್ಳುತಂತಿ ಎಳೆದರು. ಆರು ಸೀರೆಯ ಪಾವನ್ನು ಮಾವ ನಾಲ್ಕು ಸೀರೆಯದಕ್ಕೆ ಇಳಿಸಿದರು. ಅಂದಿನಿಂದ ರೈಲು ಹೋದಾಗಲೆಲ್ಲ ಅದರ ಕಡೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಆಮೇಲೆ ಪಟ್ಟಣ ಪಂಚಾಯತಿಯ ಓವರ್‌ಸೀರ್ ಬಂದ. ಟೇಪು ಹಿಡಿದು ಬೀದಿಯನ್ನು ಅಳೆದು ತಮಿಳಿನಲ್ಲಿ ಹೇಳಿದ: ಟಾರು ರಸ್ತೆ ಬರುತ್ತದೆ, ನಲ್ಲಿಗಳಿರುವ ಸಿಮೆಂಟ್ ನೀರಿನ ತೊಟ್ಟಿ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಬರುತ್ತದೆ. ಆದರೆ ಈ ವರ್ಷ ಅರ್ಧ ಬೀದಿಗೆ ಮಾತ್ರ. ಯಾವ ಅರ್ಧ ಎಂದು ಬೀದಿಯವರೇ ತೀರ್ಮಾನಿಸಿ ಬರೆದುಕೊಡಲಿ.

ಆ ಸಂಜೆ ಬೇವಿನ ಮರದ ಕೆಳಗೆ ಎಲ್ಲರೂ ಕೂಡಿದರು. ಯಾವ ಅರ್ಧ ಎಂಬುದರಲ್ಲಿ ಹೆಚ್ಚು ಜನಕ್ಕೆ ಅನುಮಾನವಿರಲಿಲ್ಲ. ಮೇಲ್ಗಡೆಯ ಇಳಿಜಾರಿನಲ್ಲಿ ಮಳೆ ಬಂದರೆ ಗಾಡಿ ಜಾರುತ್ತಿತ್ತು, ಟಾರು ಬೇಕಾದದ್ದು ಅಲ್ಲಿಗೆ. ಬೇರೆ ಮಾತಾಡಿದವರು ಒಬ್ಬರೇ, ಮಾವನ ತಮ್ಮ. ನಾನು ಅವರನ್ನು ಚಿಕ್ಕಮಾವ ಎನ್ನುತ್ತಿದ್ದೆ. ಅವರು ಹಿಂದಿನ ವರ್ಷ ಕೈಮಗ್ಗ ಮಾರಿ, ಕೆಳ್ಗಡೆಯ ಕೊನೆಯಲ್ಲಿ, ರೈಲು ಬೇಲಿಗೆ ಅಂಟಿಕೊಂಡು ಒಂದು ಜಾಗ ಕೊಂಡು, ತಗಡಿನ ಶೆಡ್ಡಿನಲ್ಲಿ ನಾಲ್ಕು ಪವರ್ ಲೂಮ್ ಇಟ್ಟಿದ್ದರು. ಕರೆಂಟು ಸಾಲದೆ ಮಗ್ಗಗಳು ಆಗಾಗ ಮುಲುಗುತ್ತಿದ್ದವು.

"ಟ್ರಾನ್ಸ್‌ಫಾರ್ಮರ್ ಕೆಳ್ಗಡೆ ಬಂದ್ರೆ ಎಲ್ಲಾರ್ಗೂ ನಲ್ಲದು, ಒಳ್ಳೇದು ಅಣ್ಣಾ," ಎಂದರು ಚಿಕ್ಕಮಾವ.

"ಎಲ್ಲಾರ್ಗೂ ಅಂದ್ರೆ ಯಾರ್ಗೆ? ನಿನ್ ನಾಲ್ಕ್ ಮಿಷಿನ್‌ಗಾ?" ಎಂದರು ಮಾವ.

"ಇನ್ನೂ ಎಷ್ಟ್ ವರ್ಷ ಆ ಕುಂಚ ಇಟ್ಕೊಂಡು ಬೀದಿ ಗುಡಿಸ್ತೀಯಾ?"

"ಗುಡಿಸ್ತೀನಿ. ನಿನ್ ಮಿಷಿನ್ ಉಗಿಯೋ ದೂಳ್ನ ಯಾರಾದ್ರೂ ಗುಡಿಸ್ಬೇಕಲ್ಲಾ."

ಎಲ್ಲರೂ ನಕ್ಕರು. ಚಿಕ್ಕಮಾವನೂ ನಕ್ಕರು. ಅವರ ನಗೆ ಉಳಿದವರ ನಗೆಗಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು. ಇದು ನನಗೆ ಚೆನ್ನಾಗಿ ನೆನಪಿದೆ, ಆಮೇಲೆ ಸೇರಿಸಿಕೊಂಡದ್ದಲ್ಲ.

ಅರ್ಜಿ ಬರೆಯುವ ಕೆಲಸ ನನಗೆ ಬಂತು. ಮರುದಿನ ಬೆಳಿಗ್ಗೆ ಮಾವ ಗಂಜಿ ಕಲಸುತ್ತಾ ಹೇಳಿದರು, ನಾನು ಹೊಸಿಲ ಮೇಲೆ ಕುಳಿತು ಬರೆದೆ.

"ಎಲ್ಲಾ ಮೇಲ್ಗಡೆ ಆಕ್ಲಿ. ಕೆಳ್ಗಡೆ ಒಂದ್ ಕಲ್ಲೂ ಅಲ್ಲಾಡಿಸ್‌ಬ್ಯಾಡ ಅಂತ ಬರಿ. ಗಟ್ಟಿಯಾಗಿ ಬರಿ ಅಮ್ಮಿಣಿ. ಬೇಡ್ಕೋಬ್ಯಾಡ."

ಅಮ್ಮಿಣಿ ಎಂಬುದು ಆ ಕಡೆ ಮನೆಯ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ನಾನು ಗಟ್ಟಿಯಾಗಿಯೇ ಬರೆದೆ. ಆಫೀಸಿಗೆ ಹೋಗುವ ಕಾಗದವಾದ್ದರಿಂದ ಮನೆಯ ತಮಿಳು ಸಾಲದು, ಕಾಗದದ ತಮಿಳು ಬೇಕು ಎಂದು ಯೋಚಿಸಿದೆ. ಮೇಲ್ಗಡೆ ಎಂಬುದಕ್ಕೆ 'ಮೇಲ್‌ಪುರಂ' ಎಂದು, ಕೆಳ್ಗಡೆ ಎಂಬುದಕ್ಕೆ 'ಕೀಳ್‌ಪುರಂ' ಎಂದು ಹಾಕಿದೆ; ಪುರಂ ಎಂದರೆ ಕಡೆ. ಟಾರು, ತೊಟ್ಟಿ, ಟ್ರಾನ್ಸ್‌ಫಾರ್ಮರ್ ಮೂರನ್ನೂ ಬೀದಿಯ ಮೇಲ್‌ಪುರಂನಲ್ಲಿಯೇ ಹಾಕಬೇಕು, ಕೀಳ್‌ಪುರಂ ಇರುವಂತೆಯೇ ಇರಬೇಕು, ಬೇರೆ ಯಾವ ರೀತಿಯನ್ನೂ ಬೀದಿಯವರು ಒಪ್ಪುವುದಿಲ್ಲ ಎಂದು. ಓದಿ ಹೇಳಿದಾಗ ಮಾವ ತಲೆಯಾಡಿಸಿದರು. ಮೇಲೂ ಇತ್ತು, ಕೀಳೂ ಇತ್ತು. ಅವರಿಗೆ ಅಷ್ಟು ಕೇಳಿಸಿತು. ನನಗೂ ಅಷ್ಟೇ ಕೇಳಿಸಿದ್ದು.

ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಕೊನೆಗೆ ಉಳಿದದ್ದು ಚಿಕ್ಕಮಾವನ ಮನೆ. "ಅವ್ನೂ ಕೈ ಆಕ್ಲಿ. ಇಲ್ಲಾಂದ್ರೆ ನಾಳೆ ನಂಗ್ ಗೊತ್ತೇ ಇಲ್ಲ ಅಂತಾನೆ," ಎಂದು ಮಾವ ಹೇಳಿದ್ದರು. ಚಿಕ್ಕಮಾವ ಶೆಡ್ಡಿನ ಬಾಗಿಲಲ್ಲಿ ನಿಂತು, ಹತ್ತಿಯ ಚಿಂದಿಯಿಂದ ಕೈಯೊರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. ಎರಡು ಸಲ ಓದಿದರು. ಎರಡನೆಯ ಸಲ ಅವರ ತೋರುಬೆರಳು ಸಾಲಿನ ಕೆಳಗೆ ಜರುಗುತ್ತಾ ಬಂದು ಒಂದು ಕಡೆ ನಿಂತಿತು. ಎಲ್ಲಿ ನಿಂತಿತು ಎಂದು ನಾನು ನೋಡಲಿಲ್ಲ. ನೋಡಬೇಕಾಗಿತ್ತು.

"ಇದೇ ಮಾತಾ ಮಾವ ಹೇಳಿದ್ದು?" ಎಂದು ಕೇಳಿದರು.

"ಆಮಾ ಚಿಕ್ಕಮಾವ, ಅದೇ."

"ಸರಿ. ಒಂದಕ್ಷರಾನೂ ಮಾತ್ತಬ್ಯಾಡ. ಎಷ್ಟ್ ಅಳಗಾ ಬರ್ದಿದ್ದೀಯಾ ಅಮ್ಮಿಣಿ."

ಅಕ್ಷರವನ್ನೂ ಬದಲಿಸಬೇಡ, ಅಂದವಾಗಿ ಬರೆದಿದ್ದೀಯ ಎಂದು ಹೊಗಳಿ ಸಹಿ ಹಾಕಿದರು. ನಾಳೆ ಹೇಗೂ ಪಂಚಾಯತಿ ಆಫೀಸಿನ ಕಡೆ ಹೋಗಬೇಕು, ತಾವೇ ಕೊಟ್ಟು ಬರುತ್ತೇನೆ ಎಂದರು. ಸೋತವರು ಇಷ್ಟು ಚೆನ್ನಾಗಿ ಸೋಲಬಹುದೇ ಎಂದು ನನಗೆ ಆಶ್ಚರ್ಯವಾಯಿತು. ಮನೆಗೆ ಬಂದು ಹಾಗೆಯೇ ಹೇಳಿದೆ. ಅತ್ತೆ, "ಅವ್ನು ಹುಟ್ಟಿದ್ಮೇಲೆ ಒಂದ್ ಸಲಾನಾದ್ರೂ ಸರಿ ಅಂತ ಹೇಳಿದ್ದುಂಟಾ? ಇವತ್ತು ಹೇಳ್ಬಿಟ್ನಾ?" ಎಂದರು.

ಎರಡು ತಿಂಗಳ ಮೇಲೆ, ಬಿಸಿಲು ಏರುವ ಹೊತ್ತಿಗೆ, ಜಲ್ಲಿಕಲ್ಲಿನ ಲಾರಿ ಬಂತು. ಬಂದದ್ದು ಇಳಿಜಾರನ್ನು ದಾಟಿ ಕೆಳ್ಗಡೆಯಲ್ಲಿ ಸುರಿದು ಹೋಯಿತು. ಇಳಿಜಾರಿನಲ್ಲಿ ಸುರಿದರೆ ಕಲ್ಲು ಉರುಳುತ್ತದೆ, ಅದಕ್ಕೇ ಇಲ್ಲಿ ಹಾಕಿದ್ದಾರೆ, ಆಮೇಲೆ ಹೊತ್ತು ಮೇಲೆ ಒಯ್ಯುತ್ತಾರೆ ಎಂದು ನಾವೇ ನಮಗೆ ಅರ್ಥ ಹೇಳಿಕೊಂಡೆವು. ಮರುದಿನ ಬೆಳಿಗ್ಗೆ ಕೊಡಲಿ ಹಿಡಿದವರು ಬಂದು ಎರಡು ಬೇವಿನ ಮರಗಳನ್ನು ಕಡಿದರು. ಮೂರನೆಯದಕ್ಕೆ ಕೊಡಲಿ ಬೀಳುವ ಮೊದಲು ಬೀದಿಯ ಹೆಂಗಸರೆಲ್ಲ ಮರದ ಸುತ್ತ ನಿಂತಿದ್ದರು. ಆಚೆ ತೊಟ್ಟಿಯ ಪಾಯಕ್ಕೆ ನಾಲ್ವರು ಅಗೆಯಲು ಶುರುಮಾಡಿದ್ದರು. ಸರಿಯಾಗಿ ಪಾವಿನ ನಡುಜಾಗದಲ್ಲಿ.

ಅತ್ತೆ ಆ ನಾಲ್ವರ ಕಡೆಗೆ ಓಡಿ, ತಮಗೆ ಬರುತ್ತಿದ್ದ ತಮಿಳಿನಲ್ಲಿ ಕೂಗಿದರು: "ಇಂಗೆ ಗುಂಡಿ ತೋಂಡಾದೀಂಗ! ಎಂಗ ತೆರುವುಲ ಗುಂಡಿ ವೇಂಡಾ!" ಇಲ್ಲಿ ಗುಂಡಿ ತೋಡಬೇಡಿ ಎಂಬುದು ಅವರ ಮಾತು. ನಮ್ಮ ಗುಂಡಿ ಎಂದರೆ ಹಳ್ಳ. ತಮಿಳರ ಕಿವಿಗೆ ಅದು ಕುಂಡೆ.

ಅಗೆಯುವವರಲ್ಲಿ ಒಬ್ಬ ಗುದ್ದಲಿಯನ್ನು ಊರಿ ನಿಂತು, ಅಜ್ಜೀ ಎಂದು ಕರೆದು, "ಯಾರ್ ಗುಂಡಿ, ಪಾಟಿ?" ಎಂದ. ಉಳಿದವರು ನಕ್ಕು ಕೆಮ್ಮಿದರು. ಅತ್ತೆಗೆ ಎರಡು ಕ್ಷಣದ ಮೇಲೆ ತಿಳಿಯಿತು. ಅರವತ್ತು ವರ್ಷ ಆ ನಾಡಿನಲ್ಲೇ ಇದ್ದವರು, ಆ ಮಾತನ್ನು ಬೀದಿಯಲ್ಲಿ ಆಡಬಾರದು ಎಂದು ನನಗೇ ಎಷ್ಟೋ ಸಲ ಹೇಳಿದ್ದವರು. ಸಿಟ್ಟು ಬಂದಾಗ ಬಾಯಿಗೆ ಬರುವುದು ಮನೆಯ ಮಾತೇ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದರು. ಆಗಿನ ಅವರ ಮುಖವನ್ನು ನಾನು ವರ್ಣಿಸುವುದಿಲ್ಲ.

ಓವರ್‌ಸೀರನನ್ನು ಕರೆಸಿದರು. ಅವನು ಬಂದವನೇ ಜಗಳವಾಡಲಿಲ್ಲ. ಫೈಲು ಬಿಚ್ಚಿ, ನನ್ನ ಕೈಬರಹದ ಕಾಗದವನ್ನು ತೆಗೆದು, ಎಲ್ಲರಿಗೂ ಕೇಳುವಂತೆ ಓದಿದ. ಮೂರನ್ನೂ ಮೇಲ್‌ಪುರಂನಲ್ಲಿಯೇ ಹಾಕಬೇಕು. ಕೀಳ್‌ಪುರಂ ಇರುವಂತೆಯೇ ಇರಬೇಕು. ಬೇರೆ ಯಾವ ರೀತಿಯನ್ನೂ ಒಪ್ಪುವುದಿಲ್ಲ.

"ಅದನ್ನೇ ಸಾಮಿ ನಾವೂ ಹೇಳ್ತಿರೋದು," ಎಂದರು ಮಾವ, ತಮಿಳಿನಲ್ಲಿ. "ಮೇಲ್ಗಡೆ ಹಾಕಿ ಅಂತ. ನೀವು ಕೆಳ್ಗಡೆ ಅಗೀತಿದ್ದೀರಿ."

ಓವರ್‌ಸೀರ್ ಮಾವನ ಮುಖವನ್ನು ನೋಡಿ, ಆಮೇಲೆ ಬಿಸಿಲನ್ನು ನೋಡಿದ. "ಪೆರಿಯವರೇ, ಮೇಲ್‌ಪುರಂ ಎಂದರೆ ಪಡುವಣ ಕಡೆ. ಕೀಳ್‌ಪುರಂ ಎಂದರೆ ಮೂಡಣ. ರೈಲು ಹಳಿ ಇರುವುದು ಪಡುವಣಕ್ಕೆ. ಸೂರ್ಯ ಅಲ್ಲಿಯೇ ಮುಳುಗುವುದು, ನೀವೇ ನೋಡಿ."

"ಮೇಲ್ ಅಂದ್ರೆ ಮೇಡು ಸಾಮಿ. ಎತ್ತರ."

"ಎತ್ತರ ಬೇಕಾದರೆ ಮೇಟ್ಟುಪ್ಪಕ್ಕಂ ಎಂದು ಬರೆಯಬೇಕಾಗಿತ್ತು. ಜಾಗ ಕೊಂಡವರು ಯಾರನ್ನಾದರೂ ಕೇಳಿ. ಕ್ರಯಪತ್ರದಲ್ಲಿ ನಾಲ್ಕು ಎಲ್ಲೆ ಹೇಗೆ ಬರೆಯುತ್ತಾರೆ? ಮೇಲ್‌ಪುರಂ, ಕೀಳ್‌ಪುರಂ, ವಡಪುರಂ, ತೆನ್‌ಪುರಂ. ಬರೆದವರು ಯಾರು?"

ಎಲ್ಲರೂ ನನ್ನ ಕಡೆಗೆ ತಿರುಗಿದರು.

ಅವನು ಹೇಳಿದ್ದು ಸರಿ. ಆ ಸೀಮೆಯಲ್ಲಿ ನೆಲವೆಲ್ಲ ಪಡುವಣ ಬೆಟ್ಟಗಳಿಂದ ಮೂಡಣಕ್ಕೆ ಇಳಿಯುತ್ತದೆ. ಆದ್ದರಿಂದ ತಮಿಳಿನಲ್ಲಿ ಮೇಲು ಎಂದರೆ ಪಡುವಣವೂ ಹೌದು. ನಮ್ಮ ಬೀದಿ ಒಂದು ಬಂಡೆಯ ಬೆನ್ನಿನ ಮೇಲಿಂದ ಶುರುವಾಗಿ ತಿರುಗುಮುರುಗಾಗಿ ಇಳಿಯುತ್ತಿತ್ತು. ನಮ್ಮ ಮೇಲು ಮೂಡಣದಲ್ಲಿತ್ತು. ನನಗೆ ಪಡುವಣಕ್ಕೆ ತಮಿಳಿನಲ್ಲಿ ಏನು ಹೇಳುತ್ತಾರೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಶಾಲೆಯಲ್ಲಿ ನಕ್ಷೆ ಬರೆದವಳು ನಾನು. ಆದರೆ ಬರೆಯುವಾಗ ದಿಕ್ಕುಗಳ ಯೋಚನೆಯೇ ಬರಲಿಲ್ಲ. ಆ ಬೀದಿಯಲ್ಲಿ ದಿಕ್ಕುಗಳೇ ಇರಲಿಲ್ಲವಲ್ಲ. ನಾನು ಮನೆಯ ಮಾತಿಗೆ ಕಾಗದದ ಅಂಗಿ ತೊಡಿಸಿದೆ. ಒಳಗಿದ್ದ ಆಳು ಬೇರೆಯಾಗಿದ್ದ.

ಕೆಲಸ ನಿಲ್ಲಿಸಲು ಆಗುವುದಿಲ್ಲ, ಬದಲಾಯಿಸಬೇಕಾದರೆ ಹೊಸ ಅರ್ಜಿ ಕೊಡಿ, ಪಂಚಾಯತಿ ಮತ್ತೆ ತೀರ್ಮಾನಿಸಬೇಕು, ಅದು ಮುಂದಿನ ವರ್ಷದ ಮಾತು ಎಂದ ಓವರ್‌ಸೀರ್. ಅಡ್ಡ ನಿಂತರೆ ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದೂ ಹೇಳಿದ. ಅದನ್ನು ಬೆದರಿಕೆಯಂತೆ ಹೇಳಲಿಲ್ಲ, ಬಸ್ಸಿನ ಸಮಯ ಹೇಳುವಂತೆ ಹೇಳಿದ. ಮಧ್ಯಾಹ್ನವೇ ನಾನು ಹೊಸ ಅರ್ಜಿ ಬರೆದೆ. ಮೇಟ್ಟುಪ್ಪಕ್ಕಂ ಎಂದು ಬರೆದೆ, ಮೂಡಣ ಎಂಬರ್ಥದ ಕಿಳಕ್ಕು ಎಂದೂ ಬರೆದೆ, ದೊಡ್ಡ ರಸ್ತೆಯ ಕಡೆ ಎಂದೂ ಬರೆದೆ. ಹಿಡಿದುಕೊಂಡು ಹೊರಟರೆ ಅರ್ಧ ಬೀದಿ ಬಾಗಿಲು ತೆರೆಯಲಿಲ್ಲ. ಕೆಳ್ಗಡೆಯ ಒಬ್ಬ ಸೊಸೆ, ನನ್ನದೇ ವಯಸ್ಸಿನವಳು, ಕಿಟಕಿಯಿಂದಲೇ ಹೇಳಿದಳು:

"ಮನೆ ಮುಂದೆ ನಲ್ಲಿ ಬರ್ತಿದೆ. ನಾನ್ಯಾಕೆ ಬ್ಯಾಡ ಅನ್ಲಿ? ನಿಮ್ ಮಾವನ್ ಪಾವು ನನ್ ಕೊಡ ತುಂಬ್ಸುತ್ತಾ?"

ಇನ್ನೊಂದು ಮನೆಯ ಮುದುಕ, ಕೈಮಗ್ಗದವನೇ, ಕಾಗದವನ್ನು ಮುಟ್ಟದೆ, "ನೀನ್ ಬರ್ದಿದ್ಕೆ ಇನ್ನೊಂದ್ ಸಲ ಕೈ ಆಕ್ಬೇಕಾ? ಈ ಸಲ ನಮ್ ಮನೆ ಯಾರ್ಗ್ ಬರ್ದ್ ಕೊಡ್ತೀಯಾ?" ಎಂದ. ಸಿಕ್ಕಷ್ಟು ಸಹಿಗಳ ಜೊತೆ ಆಫೀಸಿಗೆ ಕೊಟ್ಟುಬಂದೆ. ಉತ್ತರ ಬರಲಿಲ್ಲ.

ಟಾರಿನವರು ಎಂಟು ದಿನ ಇದ್ದರು. ಕಾಲಿಗೆ ಗೋಣಿ ಸುತ್ತಿಕೊಂಡು, ಕಡಿದ ಬೇವಿನ ಕಟ್ಟಿಗೆಯನ್ನೇ ಒಲೆಗೆ ಹಾಕಿ ಟಾರು ಕಾಯಿಸಿದರು. ಹಸಿ ಬೇವಿನ ಹೊಗೆ ಎಲ್ಲ ಮನೆಗಳ ಒಳಗೂ ಬಂತು. ಮಗ್ಗದ ಮೇಲಿದ್ದ ಬಿಳಿಯ ಬಟ್ಟೆಯನ್ನು ನಾವು ಹಳೆಯ ಸೀರೆಗಳಿಂದ ಮುಚ್ಚಿದೆವು. ರೋಲರ್ ಹಿಂದಕ್ಕೂ ಮುಂದಕ್ಕೂ ಹೋದಾಗ ಗೋಡೆಯ ಗೂಡಿನಲ್ಲಿದ್ದ ಲೋಟಗಳು ಅಲುಗಿದವು. ತೊಟ್ಟಿ ಎದ್ದಿತು. ಅದರಿಂದ ಇಪ್ಪತ್ತು ಹೆಜ್ಜೆ ಆಚೆ, ಚಿಕ್ಕಮಾವನ ಶೆಡ್ಡಿನ ಎದುರಿಗೆ, ಎರಡು ಕಂಬಗಳ ಮೇಲೆ ಟ್ರಾನ್ಸ್‌ಫಾರ್ಮರ್ ಕುಳಿತಿತು. ಮೇಲ್ಗಡೆಯ ಇಳಿಜಾರು ಕಲ್ಲೆದ್ದುಕೊಂಡು ಹಾಗೆಯೇ ಇತ್ತು. ಅಂದರೆ ಬೇಕಾದವರಿಗೂ ಸಿಗಲಿಲ್ಲ, ಬೇಡವಾದವರಿಗೂ ತಪ್ಪಲಿಲ್ಲ. ಅಲ್ಲಿಯ ಮನೆಗಳವರೂ ನನ್ನನ್ನು ಬೈಯತೊಡಗಿದರು.

ಚಿತ್ತಿರೈ ತಿಂಗಳಲ್ಲಿ, ಬೇಸಿಗೆಯ ನಡುವೆ, ಮಾವ ಒಂದು ಪಾವು ಹಾಕಿ ನೋಡಿದರು. ನಮ್ಮ ಮನೆಯ ಮಗ್ಗದ್ದೇ. ಬೇರೆಯವರ ನೂಲನ್ನು ಪರೀಕ್ಷೆಗೆ ಒಡ್ಡಲು ಅವರು ಒಪ್ಪಲಿಲ್ಲ. ಟಾರಿನಲ್ಲಿ ಗೂಟ ಇಳಿಯದು. ಒಂದು ತುದಿಯನ್ನು ರೈಲು ಬೇಲಿಯ ಹಳಿಯ ತುಂಡಿಗೆ ಕಟ್ಟಿದರು. ಇನ್ನೊಂದಕ್ಕೆ ಟಾರಿನ ಅಂಚಿನಲ್ಲಿ, ಒಂದು ಮನೆಯ ಗೋಡೆಯ ಬುಡದಲ್ಲಿ ಉಳಿದಿದ್ದ ಮಣ್ಣಿನಲ್ಲಿ ಗೂಟ ಹೊಡೆದರು. ನಡುವೆ ತೊಟ್ಟಿ ಅಡ್ಡವಿದ್ದುದರಿಂದ ಪಾವು ಓರೆಯಾಗಿ ಹೋಯಿತು. ಓರೆಯಾದ ಪಾವಿನಲ್ಲಿ ಒಂದು ಅಂಚು ಬಿಗಿ, ಒಂದು ಅಂಚು ಸಡಿಲ. ಮಾವ ಮತ್ತು ನನ್ನ ಗಂಡ ಕುಂಚ ಹಿಡಿದು ನಡೆದರು. ಬೆಳಿಗ್ಗೆ ಆರೂವರೆಯಾದಾಗ, ಎಲ್ಲ ಸರಿಹೋದೀತು ಎಂದು ನನಗೂ ಅನ್ನಿಸಿತ್ತು.

ಏಳಕ್ಕೆ ನಲ್ಲಿಗೆ ನೀರು ಬಂತು. ಪಕ್ಕದ ಎರಡು ಬೀದಿಗಳಿಂದಲೂ ಹೆಂಗಸರು ಕೊಡ ಹಿಡಿದು ಬಂದರು. ಪಾವಿನ ಕೆಳಗೆ ಬಗ್ಗಿ ನುಸುಳಿದರು. ಒಬ್ಬಳ ಕೊಡದ ಬಾಯಿಗೆ ನಾಲ್ಕೈದು ಎಳೆ ಸಿಕ್ಕಿ ತುಂಡಾದವು.

"ಅಮ್ಮಾ, ಸ್ವಲ್ಪ ಸುತ್ತಿಕೊಂಡು ಹೋಗಿ," ಎಂದ ನನ್ನ ಗಂಡ.

"ರೋಡು ನಿಮ್ಮಪ್ಪನ ಮನೆಯದಾ?" ಎಂದಳು ಅವಳು, ತಮಿಳಿನಲ್ಲಿ.

ಅವರ ನೀರು ಚೆಲ್ಲಿ ಟಾರಿನ ಮೇಲೆ ಹರಿಯಿತು. ನೆರಳು ಕೊಡಲು ಎರಡೇ ಮರ. ಒಂಬತ್ತಕ್ಕೆ ಬಿಸಿಲು ನೇರವಾಗಿ ಬಿತ್ತು, ಗಂಜಿ ಒಂದು ಕಡೆ ಸಿಡಿದು ಒಣಗಿತು, ಸಡಿಲ ಅಂಚು ಜೋತುಬಿತ್ತು. ಜೋತದ್ದು ಟಾರಿಗೆ ತಾಗಿತು. ಹೊಸ ಟಾರು ಆಗಲೇ ಮೆತ್ತಗಾಗಿತ್ತು. ಮಾವ ಎತ್ತಿದಾಗ ಒಂದು ಮೊಳದಷ್ಟು ಉದ್ದಕ್ಕೆ ಬಿಳಿಯ ಎಳೆಗಳೆಲ್ಲ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಬೆರಳಿನಿಂದ ಒಂದು ಎಳೆಯನ್ನು ಬಿಡಿಸಿದರು, ಇನ್ನೊಂದನ್ನು ಬಿಡಿಸಿದರು. ಮೂರನೆಯದು ತುಂಡಾಯಿತು. ಆಮೇಲೆ ಕುಂಚವನ್ನು ಗೋಡೆಗೆ ಒರಗಿಸಿ, ಹಗ್ಗ ಬಿಚ್ಚಿದರು.

ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ಮಾವನ ಕಡೆ ನೋಡುತ್ತಾ ನನಗೆ ತಾಗುವಂತೆ ಹೇಳಿದರು: "ಓದ್ದವ್ಳು ಬ್ಯಾಕು ಅಂತ ಪಲ್ಲಡದ್‌ವರ್ಗೂ ಓಗಿ ತಂದ್ರಲ್ಲಾ. ಓದದವ್ಳಾಗಿದ್ರೆ ಎಬ್ಬೆಟ್ಟಾದ್ರೂ ಸರಿಯಾದ್ ಕಡೆ ಒತ್ತಿರೋಳು." ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀದಿಯಲ್ಲಿ ಇನ್ನೊಂದು ಮಾತು ಶುರುವಾಗಿತ್ತು. ಚಿಕ್ಕಮಾವ ನನಗೆ ಏನೋ ಕೊಟ್ಟಿದ್ದಾರೆ, ನಾನು ಬೇಕೆಂದೇ ಬರೆದೆ ಎಂದು. ಸಹಿ ಹಾಕಿಸಲು ಅವರ ಶೆಡ್ಡಿಗೆ ಹೋದದ್ದನ್ನು ನಾಲ್ಕು ಜನ ನೋಡಿದ್ದರು. ಚಿಕ್ಕಮಾವ ನಗುತ್ತಾ ಕಾಗದ ಇಟ್ಟುಕೊಂಡದ್ದನ್ನೂ ನೋಡಿದ್ದರು.

ಆ ಮಾತು ಕಿವಿಗೆ ಬಿದ್ದ ಮೇಲೆಯೇ ನಾನು ಅವರ ಬೆರಳಿನ ಬಗ್ಗೆ ಯೋಚಿಸಿದ್ದು. ಜಾಗ ಕೊಂಡವರು ಯಾರನ್ನಾದರೂ ಕೇಳಿ ಎಂದಿದ್ದ ಓವರ್‌ಸೀರ್. ನಮ್ಮ ಬೀದಿಯಲ್ಲಿ ಎಲ್ಲರವೂ ಅಜ್ಜಂದಿರ ಕಾಲದ ಮನೆಗಳು. ಕ್ರಯಪತ್ರ ಎಂಬುದನ್ನು ಕಣ್ಣಿನಿಂದ ನೋಡಿದವರೇ ಕಡಿಮೆ. ಜಾಗ ಕೊಂಡವರು ಒಬ್ಬರೇ. ಇದನ್ನು ನಾನು ಹಲವು ದಿನ ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಹೊರಟಿದ್ದೇನೆಯೇ ಎಂದೂ ನೋಡಿದೆ. ತಪ್ಪು ನನ್ನದೇ. ಬರೆದ ಕೈ ನನ್ನದು. ಆದರೆ ಅದನ್ನು ತಿದ್ದಬಹುದಾಗಿದ್ದ ಕಾಗದ ಒಂದು ರಾತ್ರಿಯಿಡೀ ಇನ್ನೊಬ್ಬರ ಕೈಯಲ್ಲಿತ್ತು.

ಅಷ್ಟರಲ್ಲಿ ಮಾವ ಚಿಕ್ಕಮಾವನ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದ್ದರು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸುವುದು. ಸಾಮಾನ್ಯವಾಗಿ ಹುಡುಗಿಯರು ಮಾಡುವ ಕೆಲಸ. ಬೀದಿಯ ಉಳಿದ ಕೈಮಗ್ಗದವರು ಗಂಜಿ ಹಾಕಿ ಸುತ್ತಿದ ಹಾಸನ್ನು ಹೊರಗಿನಿಂದ ತರಿಸಿಕೊಳ್ಳಲು ನೋಡಿ, ಕೈಮಗ್ಗಕ್ಕೆ ಅದು ಹೊಂದದೆ, ಒಬ್ಬೊಬ್ಬರಾಗಿ ಮಗ್ಗ ಬಿಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಮಾವನಿಗೆ ಊಟ ಒಯ್ದೆ. ಅವರು ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕುಳಿತಿದ್ದರು. ನಾಲ್ಕು ಮಗ್ಗಗಳೂ ಓಡುತ್ತಿದ್ದವು. ಕರೆಂಟು ಈಗ ಸಾಕಷ್ಟಿತ್ತು, ಒಂದೂ ಮುಲುಗುತ್ತಿರಲಿಲ್ಲ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದು. ಚಿಕ್ಕಮಾವ ಒಂದು ಮಗ್ಗದ ಹತ್ತಿರ ನಿಂತಿದ್ದರು. ಸದ್ದಿತ್ತು ಎಂಬ ಧೈರ್ಯದಿಂದಲೇ ನಾನು ಅವರ ಹತ್ತಿರ ಹೋಗಿ ಹೇಳಿದೆ. ಕೇಳಿಸಲಿಲ್ಲ ಎಂದು ಕೈ ಆಡಿಸಿದರು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಮೂರನೆಯ ಸಲ ಕೂಗಿದೆ. ಆಗ ಕರೆಂಟು ಹೋಯಿತು.

"ನಿಮ್ಗೆ ಗೊತ್ತಿತ್ತು!"

ಮಗ್ಗಗಳು ಒಂದೇ ಸಲ ನಿಂತವು. ನನ್ನ ಕೂಗು ತಗಡಿಗೆ ಬಡಿದು ಉಳಿಯಿತು. ಕೆಲಸದವರು ಮೂವರು, ಒಳಮನೆಯ ಬಾಗಿಲಲ್ಲಿ ಚಿಕ್ಕಮಾವನ ಹೆಂಡತಿ, ಸ್ಟೂಲಿನ ಮೇಲೆ ಮಾವ.

"ಏನ್ ಗೊತ್ತಿತ್ತು?" ಎಂದರು ಚಿಕ್ಕಮಾವ, ಮೆಲ್ಲಗೆ.

"ಮೇಲ್‌ಪುರಂ ಅಂದ್ರೆ ಏನೂಂತ. ಈ ಜಾಗದ್ ಪತ್ರದಲ್ಲೇ ಬರ್ದಿರುತ್ತೆ. ನೀವು ಓದಿದ್ರಿ."

ಅವರು ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಇಲ್ಲ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಗೊತ್ತಿತ್ತು ಅಮ್ಮಿಣಿ," ಎಂದರು. "ಅದ್ಕೇ ತಾನೆ ಕೇಳ್ದೆ, ಇದೇ ಮಾತಾ ಅಂತ? ನೀನ್ ಆಮಾ ಅಂದೆ. ಹತ್ತಾವ್ದು ಓದ್ದವ್ಳ್ಗೆ ನಾಲ್ಕಾವ್ದು ಓದ್ದವ್ನು ಪಾಟ ಹೇಳ್ಬೇಕಾ?"

ಕೆಲಸದವರಲ್ಲಿ ಒಬ್ಬ ನಕ್ಕ. ನಾನು ಮಾವನ ಕಡೆಗೆ ನೋಡಿದೆ. ಅವರು ಕೇಳಿಸಿಕೊಂಡಿದ್ದರು. ಅದರಲ್ಲಿ ಅನುಮಾನವಿಲ್ಲ, ಆ ಶೆಡ್ಡಿನಲ್ಲಿ ಆಗ ನೊಣ ಹಾರಿದರೂ ಕೇಳುತ್ತಿತ್ತು. ಅವರ ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆಯಿತ್ತು. ಎಳೆಯನ್ನು ಹಲ್ಲಿನಿಂದ ಕಡಿದು, ಕಂಡಿಕೆಯನ್ನು ಪೆಟ್ಟಿಗೆಯಲ್ಲಿ ಅದರ ಸಾಲಿನಲ್ಲಿ ಇಟ್ಟರು. ತಮ್ಮನ ಹೆಂಡತಿಯ ಕಡೆಗೆ ತಿರುಗಿ, "ಒಂದ್ ಲೋಟ ನೀರ್ ಕೊಡಮ್ಮಾ," ಎಂದರು. ಅವಳು ತಂದುಕೊಟ್ಟಳು. ಮಾವ ಲೋಟವನ್ನು ಎತ್ತಿ ಹಿಡಿದು, ನಿಲ್ಲಿಸದೆ, ಪೂರ್ತಿ ಕುಡಿದರು. ಲೋಟವನ್ನು ವಾಪಸ್ಸು ಕೊಟ್ಟರು.

ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಊಟ ಇಟ್ಬಿಟ್ಟು ಮನೆಗ್ ಓಗು. ಇದು ಕೆಲ್ಸ ಮಾಡೋ ಜಾಗ."

"ಮಾವ, ಅವ್ರು ಒಪ್ಕೊಂಡ್ರಲ್ಲಾ..."

"ಓಗು ಅಂದೆ."

ನಾನು ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟು ಹೊರಬಂದೆ. ಆ ದಿನದ ಮೇಲೆ ನಾನು ಆ ಶೆಡ್ಡಿನ ಹೊಸಿಲು ತುಳಿಯಲಿಲ್ಲ. ಮಾವ ಮರುದಿನವೂ ಏಳು ಗಂಟೆಗೆ ಸರಿಯಾಗಿ ಅಲ್ಲಿಗೆ ಹೋದರು. ಕಣ್ಣು ಮಸುಕಾಗಿ ಎಳೆ ಕಾಣದಂತಾಗುವವರೆಗೆ ಹೋದರು. ಅಲ್ಲಿ ಕೇಳಿದ್ದನ್ನು ಅತ್ತೆಗೆ ಹೇಳಲಿಲ್ಲ, ನನ್ನ ಗಂಡನಿಗೆ ಹೇಳಲಿಲ್ಲ. ನಾನು ಹೇಳಿದಾಗ ಇಬ್ಬರೂ ಅವರ ಮುಖ ನೋಡಿದರು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎದ್ದು ಕೈತೊಳೆಯಲು ಹೋದರು.